ಸೋತವರೇ ದುಡ್ಡು ಕೊಡಬೇಕು

ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ಹೆಚ್ಚೆಂದರೆ 20 ಕಿಲೋಮೀಟರ್. ಒಂದೇ ಬಿ.ಎಚ್. ರೋಡು ಎರಡೂ ಊರಿನ ಹೊಟ್ಟೆಯೊಳಗೆ ಹಾದು ಹೋಗುತ್ತದೆ. ಆದರೂ ಆ ಊರಿನವರು ಈ ಊರಿನವರ ಮುಂದೆ ಯಾವ ವಿಷಯದಲ್ಲಾದರೂ ಸೋಲೊಪ್ಪಿದ್ದನ್ನು ನಾನು ಕಂಡಿಲ್ಲ. ನಮ್ಮ ಪಕ್ಕದ ಮನೆ ಯಜಮಾನರನ್ನೇ ತಗೊಳ್ಳಿ. ಕಾಗದನಗರದ ಕ್ವಾರ್ಟರ್ಸಿನಲ್ಲಿ ಬೆಳೆದು, ಅದೇ ಕಾಗದದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು, ನಿವೃತ್ತಿಯಾದ ಮೇಲೆ ಶಿವಮೊಗ್ಗದ ವಿನೋಬನಗರಕ್ಕೆ ಬಂದು ಮನೆ ಕಟ್ಟಿಕೊಂಡವರು. ರೇಷನ್ ಕಾರ್ಡು ಇಲ್ಲಿದೆ, ವೋಟು ಇಲ್ಲಿದೆ, ವಾದ ಮಾತ್ರ ಭದ್ರಾವತಿಯದು. ಅವರು ಸಂಜೆ ಕಾಂಪೌಂಡ್ ಗೋಡೆಯ ಮೇಲೆ ಕಾಫಿ ಲೋಟ ಇಟ್ಟರೆಂದರೆ ನಾನು ಗಿಡಕ್ಕೆ ನೀರು ಬಿಡುವುದನ್ನು ನಿಲ್ಲಿಸಿ ಪೈಪನ್ನು ಕೆಳಗೆ ಹಾಕುತ್ತೇನೆ. ಅಲ್ಲಿಗೆ ಆ ದಿನದ ಗಿಡಗಳ ಗತಿ ಮುಗಿಯಿತು.

ಮೊನ್ನೆ ಅವರ ಮೊಮ್ಮಗ ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ಪೂಲ್ ಆಡುತ್ತಿದ್ದ. "ನೋಡಿ ಮಾರಾಯ್ರೆ, ಕೋಲಿಲ್ಲ, ಟೇಬಲ್ಲಿಲ್ಲ. ತಪ್ಪು ಹೊಡೆದಾಗ ಪಕ್ಕದಲ್ಲಿ ನಿಂತು 'ಥತ್' ಅನ್ನೋಕೆ ಒಬ್ಬ ಮನುಷ್ಯನೂ ಇಲ್ಲ. ಇದೂ ಒಂದು ಆಟವಾ?" ಅಂದರು ಯಜಮಾನರು.

ಮಾತು ನನಗೆ ಸರಿಯಾಗಿ ನಾಟಿತು. ಯಾಕೆಂದರೆ ಶಿವಮೊಗ್ಗದ ಸ್ನೂಕರ್ ಪಾರ್ಲರುಗಳಲ್ಲಿ ನಾನು ಕಳೆದ ಸಂಜೆಗಳಲ್ಲಿ ಆಡಿದ್ದಕ್ಕಿಂತ 'ಥತ್' ಅಂದಿದ್ದೇ ಹೆಚ್ಚು.

ಆಗ ಕೇಬಲ್ ಟಿವಿ ಹೊಸದು. 1992ರಲ್ಲಿ ಗೀತ್ ಸೇಠಿ ಒಂದೇ ಸರದಿಯಲ್ಲಿ 1276 ಅಂಕ ಹೊಡೆದು ಬಿಲಿಯರ್ಡ್ಸಿನ ವಿಶ್ವ ಚಾಂಪಿಯನ್ ಆದ ಸುದ್ದಿ ಓದಿದ್ದೆವು. ಬಿಲಿಯರ್ಡ್ಸ್ ಬೇರೆ, ಸ್ನೂಕರ್ ಬೇರೆ, ಪೂಲ್ ಬೇರೆ ಎಂಬುದು ನಮಗೆಲ್ಲಿ ಗೊತ್ತು? ಹಸಿರು ಬಟ್ಟೆ, ಉದ್ದದ ಕೋಲು, ಬಣ್ಣದ ಗುಂಡು ಇದ್ದರೆ ಎಲ್ಲಾ ಒಂದೇ. ದುರ್ಗಿಗುಡಿ ಕಡೆಯ ಒಂದು ಓಣಿಯ ಮಹಡಿಯ ಮೇಲೆ ಎರಡು ಟೇಬಲ್ ಬಂದವು. ಒಂದು ಚಿಕ್ಕದು, ಇನ್ನೊಂದು 12 ಅಡಿ ಉದ್ದ, 6 ಅಡಿ ಅಗಲದ ಪೂರ್ತಿ ಅಳತೆಯದು. ದೊಡ್ಡದರ ಹಸಿರು ಬಟ್ಟೆಯ ಕೆಳಗೆ ಮರ ಇರುವುದಿಲ್ಲ, ಐದು ಕಲ್ಲಿನ ಹಲಗೆ ಇರುತ್ತವೆ. ಒಟ್ಟು ಒಂದು ಟನ್ನಿಗಿಂತ ಹೆಚ್ಚು ಭಾರ. ಆ ಕಲ್ಲುಗಳನ್ನು ಕಿರಿದಾದ ಮೆಟ್ಟಿಲಿನಲ್ಲಿ ಹತ್ತಿಸಲು ಅಡಿಕೆ ಮಂಡಿಯ ಹಮಾಲರೇ ಬರಬೇಕಾಯಿತು. ಅವರಲ್ಲೊಬ್ಬ ಕೆಲಸ ಮುಗಿದ ಮೇಲೆ ಬೆವರು ಒರೆಸಿಕೊಂಡು, "ಇದರ ಮೇಲೆ ಏನು ಅರೀತಾರೆ ಸಾಮಿ?" ಎಂದು ಕೇಳಿದನಂತೆ. ಮಾಲೀಕರ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಅಲ್ಲಿ ಅರೆದದ್ದು ನಮ್ಮ ಪಿಯುಸಿ, ಬಿ.ಕಾಂ.ಗಳನ್ನು.

ಗೋಡೆಯ ಮೇಲೆ ಮೂರು ಸಾಲಿನ ಬೋರ್ಡು ಇತ್ತು: 'ಧೂಮಪಾನ ನಿಷೇಧಿಸಿದೆ. ಬಟ್ಟೆ ಹರಿದರೆ ದಂಡ. ಸೋತವರೇ ದುಡ್ಡು ಕೊಡಬೇಕು.' ಮೊದಲನೆಯದನ್ನು ಯಾರೂ ಓದುತ್ತಿರಲಿಲ್ಲ. ಎರಡನೆಯದಕ್ಕೆ ಎಲ್ಲರೂ ಹೆದರುತ್ತಿದ್ದರು. ಮೂರನೆಯದರ ಮೇಲೆ ಆ ಮಹಡಿಯ ಇಡೀ ಸಂಸಾರ ನಿಂತಿತ್ತು. ಟೇಬಲ್ಲಿನ ಬಾಡಿಗೆ ಗಂಟೆಯ ಲೆಕ್ಕ, ಅದನ್ನು ಕೊಡುವವನು ಸೋತವನು. ಹಾಗಾಗಿ ಕೈ ಪಳಗಿದವನಿಗೆ ಊರಲ್ಲಿ ಪುಕ್ಕಟೆ ಮನರಂಜನೆ. ಕಲಿಯಲು ಬಂದವನಿಗೆ ತಿಂಗಳ ಮೆಸ್ ಬಿಲ್ಲು ಅಲ್ಲೇ ಕರಗುತ್ತಿತ್ತು.

ಆ ಮಹಡಿಯ ಜನರನ್ನು ನೆನೆಸಿಕೊಂಡರೆ ಆಟಕ್ಕಿಂತ ಅವರೇ ಕಣ್ಮುಂದೆ ಬರುತ್ತಾರೆ. ಅಡಿಕೆ ಮಂಡಿಯ ದಲ್ಲಾಳಿಯೊಬ್ಬರು ಬರುತ್ತಿದ್ದರು. ಅವರ ಆಟ ಹೇಗಿದೆ ಎಂದು ನೋಡಿದರೆ ಅಂದಿನ ಧಾರಣೆ ಗೊತ್ತಾಗುತ್ತಿತ್ತು. ರಾಶಿ ಅಡಿಕೆಗೆ ರೇಟು ಏರಿದ ದಿನ ಕಪ್ಪು ಗುಂಡನ್ನು ಉದ್ದಕ್ಕೆ ಹೊಡೆದು ಮೂಲೆಗೆ ಇಳಿಸುತ್ತಿದ್ದರು. ಬಿದ್ದ ದಿನ ಬಿಳಿ ಗುಂಡೇ ಮೊದಲು ಗುಂಡಿಗೆ ಹೋಗುತ್ತಿತ್ತು. ಹೊಳೆಹೊನ್ನೂರು ಕಡೆಯ ತೋಟದ ಹುಡುಗರು ಮಂಡಿಗೆ ಹೋಗುವ ಬದಲು ಒಂದು ಸಲ ಮಹಡಿ ಹತ್ತಿ ಇವರ ಆಟ ನೋಡಿ, ಮಾಲನ್ನು ಇನ್ನೊಂದು ವಾರ ಇಟ್ಟುಕೊಂಡದ್ದೂ ಉಂಟು.

ಇನ್ನೊಬ್ಬರು ಕೋರ್ಟಿನ ಹತ್ತಿರದ ಲಾಯರೊಬ್ಬರ ಗುಮಾಸ್ತರು. ಕಕ್ಷಿದಾರರು ವಾಯಿದೆಗೆ ಕಾಯುವಾಗ ಇವರು ಇಲ್ಲಿ ಸರದಿಗೆ ಕಾಯುತ್ತಿದ್ದರು. ಮೆಟ್ಟಿಲಲ್ಲಿ ಬೂಟಿನ ಸದ್ದಾದರೆ ಹುಡುಗರು ಪೊಲೀಸರೆಂದು ಕಿಟಕಿ ಕಡೆ ನೋಡುತ್ತಿದ್ದರು. ಗುಮಾಸ್ತರು ಮಾತ್ರ ಕೋಲಿಗೆ ಚಾಕ್ ತಿಕ್ಕುತ್ತಲೇ, "ಕರ್ನಾಟಕ ಪೊಲೀಸ್ ಕಾಯ್ದೆ 1963, ಕಲಂ 176. ಶುದ್ಧ ಕೌಶಲದ ಆಟಕ್ಕೆ ಜೂಜಿನ ಕಲಂ ಅನ್ವಯ ಆಗೋದಿಲ್ಲ. ಕೂತ್ಕೊಳ್ರೋ" ಎನ್ನುತ್ತಿದ್ದರು. ಅವರ ಆಟ ನೋಡಿದವರಿಗೆ ಆ ಕಲಂ ಅವರಿಗೇ ಅನ್ವಯ ಆಗುತ್ತದೋ ಇಲ್ಲವೋ ಎಂಬ ಅನುಮಾನ ಬರುತ್ತಿತ್ತು, ಅದು ಬೇರೆ ಮಾತು. ಸ್ನೂಕರ್ ಎಂಬ ಆಟವೇ ನಮ್ಮ ದೇಶದ್ದು ಎಂದು ನಮಗೆ ಹೇಳಿಕೊಟ್ಟವರು ಅವರು. 1875ರಲ್ಲಿ ಜಬಲ್‌ಪುರದಲ್ಲಿ ಮಳೆಗಾಲಕ್ಕೆ ಬೇಸರ ಹತ್ತಿದ ಬ್ರಿಟಿಷ್ ಸೈನ್ಯಾಧಿಕಾರಿಗಳು ಹುಟ್ಟುಹಾಕಿದ ಆಟಕ್ಕೆ ಊಟಿಯ ಕ್ಲಬ್ಬಿನಲ್ಲಿ ನಿಯಮಗಳಾದವಂತೆ. "ಮಳೆ ಬಂದ್ರೆ ಬೇಜಾರು ಮಾಡ್ಕೊಳ್ಳೋರು ಕಂಡುಹಿಡಿದಿದ್ದು. ಅದಕ್ಕೇ ಮಲೆನಾಡಿಗೆ ಒಗ್ಗಿದೆ" ಎಂದು ಅವರ ತೀರ್ಪು.

ಅದೊಂದು ತೀರ್ಪು ಮಾತ್ರ ತಪ್ಪು. ಮಳೆಗೂ ಆ ಬಟ್ಟೆಗೂ ಹುಟ್ಟಾ ವೈರ. ಜುಲೈನಲ್ಲಿ ತುಂಗೆ ಕೋರ್ಪಲಯ್ಯನ ಮಂಟಪ ಮುಳುಗಿಸುವ ಹೊತ್ತಿಗೆ ನಮ್ಮ ಟೇಬಲ್ಲಿನ ಬಟ್ಟೆ ತಂಡಿ ಹಿಡಿದು, ಎಷ್ಟು ಜೋರಾಗಿ ಹೊಡೆದರೂ ಗುಂಡು ಅರ್ಧ ದಾರಿಯಲ್ಲಿ ಕೂತುಬಿಡುತ್ತಿತ್ತು. ಆಗ ಮಾರ್ಕರ್ ಹುಡುಗ ಇಸ್ತ್ರಿಪೆಟ್ಟಿಗೆ ತರುತ್ತಿದ್ದ. ಟೇಬಲ್ಲಿಗೆ ಇಸ್ತ್ರಿ! ಬಟ್ಟೆಯ ನವಿರು ಎತ್ತ ಮಲಗಿದೆಯೋ ಅತ್ತಲೇ, ಆಟ ಶುರುವಾಗುವ ತುದಿಯಿಂದ ಕಪ್ಪು ಗುಂಡು ಇಡುವ ತುದಿಗೆ ಒಂದೇ ದಿಕ್ಕಿನಲ್ಲಿ ಎಳೆಯಬೇಕು. ವಾಪಸ್ ಎಳೆದರೆ ಬಟ್ಟೆ ಕೆಟ್ಟಿತು. ಅವನು ಅದನ್ನು ಎಷ್ಟು ಶ್ರದ್ಧೆಯಿಂದ ಮಾಡುತ್ತಿದ್ದನೆಂದರೆ ಕಾಯುತ್ತಿದ್ದ ಹತ್ತು ಜನ ಮಾತು ನಿಲ್ಲಿಸಿ ನೋಡುತ್ತಿದ್ದೆವು. ಅವನ ಸ್ವಂತ ಅಂಗಿ ಮಾತ್ರ ಇಸ್ತ್ರಿ ಕಂಡದ್ದಲ್ಲ. ಎಲ್ಲರಿಗಿಂತ ಚೆನ್ನಾಗಿ ಆಡುವವನೂ ಅವನೇ. ಗುಂಡು ಜೋಡಿಸುವುದು, ಅಂಕ ಬರೆಯುವುದು, ಗಡಿಯಾರ ನೋಡುವುದು, ಟೀ ತರುವುದು ಇವೆಲ್ಲ ಮುಗಿದು ಕೊನೆಯ ಗಿರಾಕಿ ಮೆಟ್ಟಿಲಿಳಿದ ಮೇಲೆ ಅವನ ಆಟ. ಒಂದು ರಾತ್ರಿ ಛತ್ರಿ ಮರೆತು ವಾಪಸ್ ಹೋದಾಗ ಬಾಗಿಲ ಸಂದಿಯಿಂದ ನೋಡಿದೆ. ಕೆಂಪು, ಬಣ್ಣ, ಕೆಂಪು, ಬಣ್ಣ ಎಂದು ಟೇಬಲ್ ಅರ್ಧ ಖಾಲಿಯಾಗಿತ್ತು. ನಾನು ಒಳಗೆ ಹೆಜ್ಜೆ ಇಟ್ಟದ್ದೇ ಕೋಲು ಗೋಡೆಗೆ ಒರಗಿಸಿ, "ಏನು ಸಾರ್, ಛತ್ರಿನಾ?" ಅಂದ.

ಕರೆಂಟ್ ಹೋದರೆ ಇನ್ನೊಂದು ರಗಳೆ. ಕತ್ತಲಲ್ಲಿ ಗಂಟೆಯ ಲೆಕ್ಕ ಓಡುತ್ತದೋ ನಿಲ್ಲುತ್ತದೋ? ಮಾಲೀಕರು ಓಡುತ್ತದೆ ಎನ್ನುವರು, ಗುಮಾಸ್ತರು ಕಾಯ್ದೆ ತೆಗೆಯುವರು. ಲೈಟು ಬಂದಾಗ ಮಾತ್ರ ಟೇಬಲ್ಲಿನ ಮೇಲೆ ಎರಡು ಕೆಂಪು ಗುಂಡು ಜಾಗ ಬದಲಿಸಿರುತ್ತಿದ್ದವು.

"ಅದೇ ನಿಮ್ಮ ಶಿವಮೊಗ್ಗ" ಅಂದರು ಯಜಮಾನರು. "ನಮ್ಮ ಕ್ಯಾರಂ ರೂಮಲ್ಲಿ ಕತ್ತಲಾದ್ರೆ ಯಾರೂ ಕಾಯಿ ಮುಟ್ತಿರಲಿಲ್ಲ. ಮುಟ್ಟಿದ್ರೆ ಕೈ ಗೊತ್ತಾಗೋದು. ಬಾಯ್ಲರ್ ಕೈ ಬೇರೆ, ಲೇತ್ ಕೈ ಬೇರೆ, ಆಫೀಸು ಕೈ ಬೇರೆ."

ಭದ್ರಾವತಿಯ ಕಥೆಯೇ ಬೇರೆ, ಅದನ್ನು ಒಪ್ಪಬೇಕು. 1923ರಿಂದ ಕಬ್ಬಿಣ ಕರಗಿಸಿದ ಊರು. 1936ರಲ್ಲಿ ಮೈಸೂರು ಪೇಪರ್ ಮಿಲ್ಸ್ ಹುಟ್ಟಿ ಕಾಗದವೂ ಸೇರಿಕೊಂಡಿತು. ಅಲ್ಲಿ ಗಡಿಯಾರಕ್ಕಿಂತ ಸೈರನ್ನಿಗೆ ಬೆಲೆ, ವಾರಕ್ಕಿಂತ ಪಾಳಿಗೆ ಬೆಲೆ. ಆಫೀಸರುಗಳ ಕ್ಲಬ್ಬಿನಲ್ಲಿ ಬಿಲಿಯರ್ಡ್ಸ್ ಟೇಬಲ್ ಇದೆಯೆಂದು ಇವರೆಲ್ಲ ಕೇಳಿದ್ದು ಮಾತ್ರ. ಇವರ ದರ್ಬಾರು ಬಜಾರಿನ ಒಂದು ಕೋಣೆಯ ಕ್ಯಾರಂ ಬೋರ್ಡಿನ ಸುತ್ತ. ತಗಡಿನ ಮುಚ್ಚಳ ಹಾಕಿದ ಬಲ್ಬು ತಲೆಗೆ ತಾಗುವಷ್ಟು ಕೆಳಗೆ ನೇತಾಡುತ್ತಿರುತ್ತದೆ. ಅದು ಬೆಳಕಿಗಷ್ಟೇ ಅಲ್ಲ, ಮಳೆಗಾಲದಲ್ಲಿ ಬೋರ್ಡು ಉಬ್ಬದಂತೆ ಕಾಯಿಸಲಿಕ್ಕೂ ಹೌದು. ಮೊದಲ ಪಾಳಿ ಬಿಟ್ಟವರು ಬುತ್ತಿ ಡಬ್ಬಿ ಸಮೇತ ಬರುತ್ತಿದ್ದರು. ಎರಡನೇ ಪಾಳಿಯವರು ರಾತ್ರಿ ಬಂದು ಬಾಗಿಲು ಬಡಿಯುತ್ತಿದ್ದರು. ಮೂರನೇ ಪಾಳಿಗೆ ಹೋಗಬೇಕಾದವರು ರೆಡ್ ಹಾಕಿದ್ದಾರೆ, ಫಾಲೋ ಹಾಕುವುದೊಂದು ಬಾಕಿ ಎನ್ನುವಾಗ ಸೈರನ್ ಕೂಗಿ, ಎದ್ದು ಹೋಗಲಾರದೆ ಕೂರಲಾರದೆ ಒದ್ದಾಡುತ್ತಿದ್ದರು.

"ಫೌಂಡ್ರಿಯಲ್ಲಿದ್ದ ಒಬ್ಬರ ಹೆಬ್ಬೆರಳು ಇಷ್ಟು ದಪ್ಪ" ಎಂದು ಯಜಮಾನರು ಕಾಫಿ ಲೋಟ ತೋರಿಸಿದರು. "ತಮ್ಮ ಕಡೆ ಗೆರೆ ಹಿಂದೆ ಇರೋ ಕಾಯಿನ ಹೆಬ್ಬೆರಳಲ್ಲಿ ಹಿಂದಕ್ಕೆ ಹೊಡೀತಿದ್ರು. ಸ್ಟ್ರೈಕರ್ ಕಾಣ್ತಲೇ ಇರಲಿಲ್ಲ, ಸದ್ದಷ್ಟೇ. ಇನ್ನೊಬ್ಬರಿದ್ರು, ಬೋರಿಕ್ ಪೌಡರನ್ನ ಪೂಜಾರಿ ವಿಭೂತಿ ಕೊಟ್ಟಂಗೆ ಮೂರೇ ಬೆರಳಲ್ಲಿ ಉದುರಿಸ್ತಿದ್ರು. ಅವರು ಉದುರಿಸದೆ ಆಟ ಶುರುವಿಲ್ಲ. ಅವರು ರಜ ಹಾಕಿದ್ರೆ ಬೋರ್ಡಿಗೂ ರಜ."

"ಎಲ್ಲಾ ಸರಿ ಯಜಮಾನ್ರೆ, ಕ್ಯಾರಮ್ಮಿಗೆ ಮಣಿಕಟ್ಟು ಸಾಕು. ಸ್ನೂಕರಿಗೆ ಕಣ್ಣು, ಭುಜ, ಉಸಿರು ಎಲ್ಲ ಬೇಕು" ಅಂದೆ, ಸುಮ್ಮನೆ ಕೆಣಕಲಿಕ್ಕೆ.

"ಮಣಿಕಟ್ಟು ಸಾಕು ಅಂತೀರಾ? ಜಿ.ಆರ್. ವಿಶ್ವನಾಥ್ ಹುಟ್ಟಿದ್ದು ಎಲ್ಲಿ ಹೇಳಿ. 1949, ಭದ್ರಾವತಿ. ಆ ಸ್ಕ್ವೇರ್ ಕಟ್ ಎಲ್ಲಿಂದ ಬಂತು? ನಮ್ಮೂರಿನ ನೀರಿಂದ ಬಂತು. ಮಣಿಕಟ್ಟಂತೆ!"

ಇದಕ್ಕೆ ಉತ್ತರವಿಲ್ಲ. ವಿಶ್ವನಾಥ್ ಕ್ಯಾರಂ ಆಡುತ್ತಿದ್ದರೇ ಎಂದು ಕೇಳಿದರೆ ಯಜಮಾನರು ಎರಡು ದಿನ ಕಾಂಪೌಂಡಿನ ಹತ್ತಿರ ಬರುವುದಿಲ್ಲ.

ಅಷ್ಟರಲ್ಲಿ ಒಳಗಿಂದ ಯಜಮಾನರ ಮನೆಯವರು ಬಂದು ಲೋಟ ಎತ್ತಿಕೊಂಡರು. "ಏನ್ರೀ, ಇಷ್ಟು ಹೊತ್ತು ಹೇಳಿದ್ರಲ್ಲ, ಆ ರೂಮಲ್ಲಿ ಒಬ್ಬಳಾದ್ರೂ ಹೆಂಗಸಿದ್ಲಾ? ನೈಟ್ ಶಿಫ್ಟ್ ಅಂತ ಹೇಳಿ ಹೋಗಿದ್ದರಲ್ಲಿ ಎಷ್ಟು ಶಿಫ್ಟು ಫ್ಯಾಕ್ಟ್ರಿದು, ಎಷ್ಟು ಶಿಫ್ಟು ಕ್ಯಾರಮ್ಮಿಂದು?" ಯಜಮಾನರು ಆಕಾಶ ನೋಡಿದರು. ನಾನು ಸಂಧಾನಕ್ಕೆಂದು ಬೆಂಗಳೂರಿನ ಆರ್. ಉಮಾದೇವಿ ನಾಗರಾಜ್ ಹೆಸರು ತೆಗೆದೆ. ತೋಟಗಾರಿಕೆ ಇಲಾಖೆಯಲ್ಲಿ ಬೆರಳಚ್ಚು ಕೆಲಸದಲ್ಲಿದ್ದವರು ಕೋಲು ಹಿಡಿದು 2012ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಚಾಂಪಿಯನ್ ಆದರು ಅಂದೆ. "ನೋಡಿದ್ರಾ! ಗುಮಾಸ್ತರ ಕೈಲಿ ಆಗದ್ದು ಟೈಪಿಸ್ಟ್ ಕೈಲಿ ಆಯ್ತು" ಎಂದು ಅಮ್ಮಾವ್ರು ಒಳಗೆ ಹೋದರು. ಪಂಕಜ್ ಅಡ್ವಾಣಿ 2003ರಲ್ಲಿ ಚೀನಾದಲ್ಲಿ ವಿಶ್ವ ಸ್ನೂಕರ್ ಗೆದ್ದಾಗ ನಮ್ಮ ಮಹಡಿಯಲ್ಲಿ ಪೇಡಾ ಹಂಚಿದ್ದನ್ನು ಹೇಳಬೇಕೆಂದಿದ್ದೆ, ಆ ಧೈರ್ಯ ಬರಲಿಲ್ಲ.

ಆಡುವವರ ಮಾತು ಬಿಡಿ. ಆ ಮಹಡಿಯನ್ನು ನಿಜವಾಗಿ ನಡೆಸಿದವರು ಆಡದವರು. ಗೋಡೆಗೆ ಸೇರಿಸಿ ಒಂದು ಉದ್ದದ ಬೆಂಚಿತ್ತು. ದುಡ್ಡಿಲ್ಲದವರು, ಸರದಿ ಬಾರದವರು, ಮನೆಗೆ ಹೋಗಲು ಮನಸ್ಸಿಲ್ಲದವರು ಅಲ್ಲಿ ಕೂರುವುದು. ಹೊಡೆತ ಚೆನ್ನಾಗಿತ್ತೋ ಅದೃಷ್ಟಕ್ಕೆ ಬಿತ್ತೋ ಎಂಬುದನ್ನು ಹೊಡೆದವನು ತೀರ್ಮಾನಿಸುವಂತಿಲ್ಲ, ಬೆಂಚು ತೀರ್ಮಾನಿಸಬೇಕು. ಅಂಕ ಮಾರ್ಕರ್ ಕೊಡುತ್ತಿದ್ದ, ಮರ್ಯಾದೆ ಬೆಂಚು ಕೊಡುತ್ತಿತ್ತು. ಆ ಬೆಂಚಿನ ತುದಿಯಲ್ಲಿ ದಿನಾ ಕೂರುತ್ತಿದ್ದ ಹಿರಿಯರೊಬ್ಬರನ್ನು ನಾವು ಗುರುಗಳು ಎನ್ನುತ್ತಿದ್ದೆವು. ಬಿಳಿ ಪಂಚೆ, ತೋಳು ಮಡಚಿದ ಅಂಗಿ, ಜೇಬಿನಲ್ಲಿ ಒಂದು ಪೆನ್ಸಿಲ್ಲು. ಕೋಲು ಮುಟ್ಟಿದ್ದನ್ನು ಯಾರೂ ಕಂಡಿಲ್ಲ. ಆದರೆ ಅವರು ಹೇಳದ ಹೊಡೆತವಿಲ್ಲ. "ಹಸಿರಿಗೆ ಹೋಗಬೇಡ, ನೀಲಿಗೆ ಹೋಗು." "ತೆಳ್ಳಗೆ ತಗಲ್ಸು." "ಕೈ ನಡುಗ್ತಿದೆ, ಟೀ ಕುಡಿದು ಬಾ." ಹೇಳಿದಂತೆ ಹೊಡೆದರೆ ಹತ್ತಕ್ಕೆ ಎಂಟು ಸಲ ಬೀಳುತ್ತಿತ್ತು. ಬೀಳದಿದ್ದಾಗ ಮಾತ್ರ ಗೊಣಗುವರು: "ಗುಂಡು ಬಲಕ್ಕೆ ಎಳೀತಿದೆ."

ಒಂದು ಭಾನುವಾರ ದಲ್ಲಾಳಿಗಳಿಗೆ ತಡೆಯಲಾಗಲಿಲ್ಲ. ಧಾರಣೆ ಬಿದ್ದ ವಾರ ಬೇರೆ. "ಬಲಕ್ಕೆ ಎಳೀತಿದೆ, ಬಲಕ್ಕೆ ಎಳೀತಿದೆ ಅಂತ ವರ್ಷದಿಂದ ಹೇಳ್ತೀರಲ್ಲ, ಇವತ್ತು ನೀವೇ ಹೊಡೀರಿ" ಎಂದು ಕೋಲನ್ನು ಗುರುಗಳ ಕೈಗೆ ಕೊಟ್ಟೇಬಿಟ್ಟರು. ಬೆಂಚು ಎದ್ದು ನಿಂತಿತು. ಗುರುಗಳು ಕೋಲಿನ ತುದಿ ನೋಡಿದರು, ಚಾಕ್ ತಿಕ್ಕಿದರು, ಬಗ್ಗಿದರು. ಒಂದು ಕಣ್ಣು ಮುಚ್ಚಿ ಟೇಬಲ್ಲಿನ ಉದ್ದಕ್ಕೂ ನೋಡಿದರು. ಆಮೇಲೆ ಆ ಬದಿಗೆ ಹೋಗಿ ಅಲ್ಲಿಂದಲೂ ನೋಡಿದರು. ಕೋಲನ್ನು ನಿಧಾನಕ್ಕೆ ಒರಗಿಸಿ, "ಟೇಬಲ್ ಮಟ್ಟ ಇಲ್ಲ. ಬಲಗಡೆ ಕೆಳಗಿನ ಮೂಲೆ ಇಳಿದಿದೆ. ನಾನು ಆಡಲ್ಲ" ಎಂದು ಹೋಗಿ ಕೂತರು. ಇಡೀ ಮಹಡಿ ನಕ್ಕಿತು. ಮಾರ್ಕರ್ ಹುಡುಗ ಮಾತ್ರ ನಗದೆ ಕೆಳಗಿಳಿದು, ಪಕ್ಕದಲ್ಲಿ ಕಟ್ಟುತ್ತಿದ್ದ ಮನೆಯ ಗಾರೆ ಮೇಸ್ತ್ರಿಯಿಂದ ರಸಮಟ್ಟ ಇಸಿದುಕೊಂಡು ಬಂದ. ಟೇಬಲ್ಲಿನ ಮೇಲಿಟ್ಟ. ಗುಳ್ಳೆ ಮೆಲ್ಲಗೆ ಎಡಕ್ಕೆ ಹೋಗಿ ನಿಂತಿತು.

ಆಮೇಲೆ ಶುರುವಾಯಿತು ನೋಡಿ ಅನಾಹುತ. ಅಲ್ಲಿಯವರೆಗೆ ಸೋತವರೆಲ್ಲ ಟೇಬಲ್ಲಿನಿಂದಲೇ ಸೋತದ್ದೆಂದು ಹಳೆಯ ದುಡ್ಡು ವಾಪಸ್ ಕೇಳಿದರು. ಗುಮಾಸ್ತರು ನೋಟಿಸು ಕರಡು ಮಾಡಲು ಕಾಗದ ಹುಡುಕಿದರು. ಮಾಲೀಕರು ಬೋರ್ಡಿನ ಮೂರನೇ ಸಾಲು ತೋರಿಸುತ್ತ ಕೂಗಾಡಿದರು. ಗುರುಗಳು ಟೇಬಲ್ಲಿನ ಕಾಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತು, ಎಲ್ಲಿ ಎಷ್ಟು ತಿರುಗಿಸಬೇಕೆಂದು ಹುಡುಗನಿಗೆ ಹೇಳಿಕೊಡುತ್ತಿದ್ದರು. ಅವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಮೆಷಿನ್ ಶಾಪಿನಲ್ಲಿದ್ದು ನಿವೃತ್ತರಾದವರೆಂದು ಗೊತ್ತಾದದ್ದು ಆವತ್ತೇ.

ಇದನ್ನು ಹೇಳಲೇಬಾರದಿತ್ತು. ಯಜಮಾನರು ಗೋಡೆಗೆ ಎರಡೂ ಕೈ ಊರಿ, "ಹಾಂ! ನಿಮ್ಮೂರಿನ ಟೇಬಲ್ಲು ಡೊಂಕು ಅಂತ ಕಂಡುಹಿಡಿಯೋಕೂ ನಮ್ಮೂರಿನ ಕಣ್ಣೇ ಬೇಕಾಯ್ತಲ್ಲ!" ಅಂದರು.

"ಆದ್ರೂ ಒಂದು ಹೊಡೆತ ಹೊಡೀಲಿಲ್ಲವಲ್ಲ ಯಜಮಾನ್ರೆ ಅವರು. ಮಟ್ಟ ಮಾಡಿದ ಮೇಲಾದ್ರೂ ಆಡಬಹುದಿತ್ತು."

"ಆಡಿ? ಸೋತ್ರೆ ದುಡ್ಡು ನೀವು ಕೊಡ್ತಿದ್ರಾ?"