ಬಂದೋಬಸ್ತ್ ಕಾಕಾ

ಇಳಕಲ್ಲಿನ ಬಂದೋಬಸ್ತ್ ಕಾಕಾಗೆ ಕಳ್ಳರ ಹೆದರಿಕೆ ಎಂದು ಊರಲ್ಲಿ ಹಲವರು ತಿಳಿದಿದ್ದಾರೆ. ಅದು ಸುಳ್ಳು. ಕಳ್ಳರು ತಮ್ಮ ಮನೆಯನ್ನು ಮರೆತೇಬಿಟ್ಟಾರೇನೋ ಎಂಬುದೇ ಅವರ ಹೆದರಿಕೆ. ಅಪ್ಪನ ಕಾಲದಿಂದ ಬಂದ ಸೀರೆ ವ್ಯಾಪಾರ, ಮನೆಯ ಮುಂದೆ ಊರಿನದೇ ಕೆಂಪು ಗ್ರ್ಯಾನೈಟಿನ ಮೆಟ್ಟಿಲು, ಒಳಗೆ ಆಳೆತ್ತರದ ತಿಜೋರಿ. ಇಷ್ಟೆಲ್ಲ ಇದ್ದೂ ಒಬ್ಬ ತುಡುಗ ಇತ್ತ ಸುಳಿಯದಿದ್ದರೆ ಮಂದಿ ಏನಂದಾರು? ಓಣಿಯ ತುದಿಯ ಮನೆ ಕಳವಾದಾಗ ಕಾಕಾ ಸಮಾಧಾನ ಹೇಳಲು ಹೋಗಿದ್ದರು, ಬರುವಾಗ ಮುಖ ಸಣ್ಣದಾಗಿತ್ತು. "ಅವರ ಮನ್ಯಾಗ ಏನೈತಿ ಅಂತ ಹೊಕ್ಕಾರ ಅಂತೀನಿ!"

ಇಂಥ ಕಾಕಾ ಗುಳೇದಗುಡ್ಡದಲ್ಲೂ ಇದ್ದಾರೆ, ಹುನಗುಂದದಲ್ಲೂ ಇದ್ದಾರೆ. ಬಾಗಲಕೋಟೆಯ ನವನಗರದಲ್ಲಂತೂ ಸೆಕ್ಟರಿಗೊಬ್ಬರು ಸಿಕ್ಕಾರು. ಮೂರು ಕೀಲಿ ಜಡಿದು ಬಸ್‌ಸ್ಟ್ಯಾಂಡಿಗೆ ಬಂದು, ಜಗ್ಗಿ ನೋಡಿದೆನೋ ಇಲ್ಲವೋ ಎಂದು ತಿರುಗಿ ಓಡುವವರು ಇವರೇ. ಒಂದು ಕೀಲಿಯ ಕೈ ಕಪಾಟಿನಲ್ಲಿ, ಕಪಾಟಿನ ಕೈ ಜೋಳದ ಚೀಲದಲ್ಲಿ. ಚೀಲ ಯಾವುದೆಂಬುದು ಗುಟ್ಟು. ಆ ಗುಟ್ಟನ್ನು ಅವರು ಚಹಾದಂಗಡಿಯಲ್ಲಿ ಯಾರು ಕೇಳಿದರೂ ಹೇಳುತ್ತಾರೆ.

ಕಾಕಾ ಮನೆಗೆ ಅಲಾರ್ಮ್ ತಂದು ಅದನ್ನು ಟೆಲಿಫೋನ್ ಲೈನಿಗೆ ಜೋಡಿಸಿದ್ದು ಇಂಥದೇ ಗುಟ್ಟಿನ ಕೆಲಸ. ವೈರಿಂಗ್ ನೋಡಲು ಅರ್ಧ ಓಣಿ ಬಂದಿತ್ತು. ಬಾಗಿಲಿಗೆ ಅಯಸ್ಕಾಂತದ ಸ್ವಿಚ್ಚು, ಪಡಸಾಲೆಯ ಮೂಲೆಯಲ್ಲಿ ಮೈಶಾಖ ಗುರುತಿಸುವ ಕಣ್ಣು. ಯಾರಾದರೂ ಹೊಕ್ಕರೆ ಸೈರನ್ ಕೂಗುತ್ತದೆ. ಗೋಡೆಯ ಡಬ್ಬಿ ತಾನೇ ಲೈನ್ ಹಿಡಿದು, ತುಂಬಿಟ್ಟ ನಂಬರುಗಳಿಗೆ ಒಂದಾದ ಮೇಲೊಂದು ಫೋನ್ ಮಾಡಿ, ರೆಕಾರ್ಡ್ ಮಾಡಿದ ಮಾತನ್ನು ಕೇಳಿಸುತ್ತದೆ. ಹೊರಗಿನ ತಂತಿ ಮೊದಲು ಡಬ್ಬಿಗೆ ಬಂದು ಅಲ್ಲಿಂದ ಫೋನಿಗೆ ಹೋಗಬೇಕು ಎಂದ ಎಲೆಕ್ಟ್ರಿಷಿಯನ್ ಹುಡುಗ. ಎರಡನ್ನೂ ಸುಮ್ಮನೆ ಒಂದೇ ತಂತಿಗೆ ಸಿಕ್ಕಿಸಿದರೆ, ಕಳ್ಳ ರಿಸೀವರ್ ಎತ್ತಿ ಪಕ್ಕಕ್ಕಿಟ್ಟರೆ ಸಾಕು, ಡಬ್ಬಿ ಮೂಕ. ಡಬ್ಬಿ ಮುಂದಿದ್ದರೆ ಅದು ಫೋನನ್ನು ಕತ್ತರಿಸಿ ಲೈನನ್ನು ತನ್ನದಾಗಿಸಿಕೊಳ್ಳುತ್ತದೆ.

ಹಾಗೆ ನೋಡಿದರೆ ಈ ನಂಟು ಟೆಲಿಫೋನಿನಷ್ಟೇ ಹಳೆಯದು. 1877ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಹೋಮ್ಸ್ ಎಂಬವರು ಬ್ಯಾಂಕುಗಳಿಗೆ ಎಳೆದಿದ್ದ ಕಳ್ಳಗಂಟೆಯ ತಂತಿಗಳ ಮೇಲೆಯೇ ಹಗಲಲ್ಲಿ ಟೆಲಿಫೋನ್ ನಡೆಸಿದರು. ರಾತ್ರಿ ಅದೇ ತಂತಿ ಕಳ್ಳರನ್ನು ಕಾಯುತ್ತಿತ್ತು. ಇದನ್ನು ಕಾಕಾ ಕಿವಿಗೆ ಹಾಕಿದ್ದೇ ತಡ, ಹೋಮ್ಸರನ್ನು ಬೀಗರ ಹಾಗೆ ಮಾತಿಗೆಳೆಯತೊಡಗಿದರು. "ಹೋಮ್ಸ ಅವರೂ ನಮ್ಮವರ ನೋಡ್ರಿ. ವಸ್ತು ಇದ್ದವರಿಗೆ ಚಿಂತಿ."

ಹುಡುಗ ಇನ್ನೊಂದು ಮಾತೂ ಹೇಳಿದ್ದ. "ಕಾಕಾ, ಏಪ್ರಿಲ್-ಮೇದಾಗ ನಮ್ಮ ಕಡೆ ಗ್ವಾಡಿನೂ ಮನಷ್ಯಾನ ಮೈಯಷ್ಟ ಕಾದಿರತೈತ್ರಿ. ತುಡುಗ ಯಾರು, ಗ್ವಾಡಿ ಯಾವದು, ಈ ಕಣ್ಣಿಗೆ ತಿಳಿಯಾಂಗಿಲ್ಲ."

"ಅಂಥಾ ಬಿಸಲಾಗ ಅಂವರ ಯಾಕ ಬರ್ತಾನ? ಅಂವಗ ಝಳ ಹೊಡಿಯಾಂಗಿಲ್ಲೇನು?"

ದಿನಾ ಸಂಜೆ ಟೆಸ್ಟಿಂಗ್ ನಡೆಯಿತು. ಅದೇ ಹೊತ್ತಿಗೆ ಕಾಕು ಹುನಗುಂದದ ತಂಗಿಯ ಜೊತೆ ಮಾತಿಗೆ ಕೂತಿರುತ್ತಿದ್ದರು. ಇಳಕಲ್ಲು ಬೇರೆ ತಾಲ್ಲೂಕಾದರೂ ಎರಡಕ್ಕೂ ಒಂದೇ 08351. ಅಕ್ಕತಂಗಿಯರನ್ನು ಸರ್ಕಾರವೂ ಬೇರೆ ಮಾಡಿಲ್ಲ, ಡಬ್ಬಿ ಮಾಡಿತು. "ಹುಡಗನ ಕಡ್ಯಾವ್ರು ಎಷ್ಟ ತೊಲಿ ಬಂಗಾರ ಕೇಳ್ಯಾರ ಗೊತ್ತೇನಕ್ಕಾ..." ಎನ್ನುವಷ್ಟರಲ್ಲಿ ಲೈನು ಕಟ್.

"ನಿಮ್ಮ ಡಬ್ಬಿ ಹಾಳಾಗಲಿ! ತುಡುಗ ಬಂದ್ರ ನಾನ ಚಾ ಮಾಡಿ ಕೊಡ್ತೀನಿ!"

ರೆಕಾರ್ಡಿಂಗಿಗೆ ಇದ್ದದ್ದು ಇಪ್ಪತ್ತೇ ಸೆಕೆಂಡು. ಉತ್ತರ ಕರ್ನಾಟಕದವರಿಗೆ ಇಪ್ಪತ್ತು ಸೆಕೆಂಡಿನಲ್ಲಿ ವಿಷಯಕ್ಕೆ ಬಾ ಅಂದರೆ ಅದು ಮಾತಾಡುವ ರೀತಿಯೇ? ಕಾಕಾ ಗಂಟಲು ಸರಿಮಾಡಿಕೊಂಡರು. "ನಮಸ್ಕಾರ್ರಿ. ನಾನ್ರಿ, ಇಳಕಲ್ಲಿಂದ. ಎಲ್ಲಾರೂ ಆರಾಮ ಅದೀರಿಲ್ರಿ? ಮನ್ಯಾಗ ಹುಡುಗ್ರು, ಹಿರ್ಯಾರು? ಊಟ ಆತೇನ್ರಿ? ಮತ್ತ ವಿಶೇಷ ಏನಂದ್ರ, ನಮ್ಮ ಮನ್ಯಾಗ ತು..." ಅಲ್ಲಿಗೆ ಕುಂಯ್ ಎಂದು ನಿಂತಿತು. ಮತ್ತೆ ಮಾಡೋಣ ಎಂದ ಹುಡುಗ. "ಇರ್ಲಿ ಬಿಡೋ, ತಿಳಿಯೋರಿಗೆ ತಿಳಿತೈತಿ."

ಅಲಾರ್ಮ್ ನಿಲ್ಲಿಸುವ ಕೋಡ್ 1997. ಬಾಗಲಕೋಟೆ ವಿಜಯಪುರದಿಂದ ಬೇರೆಯಾಗಿ ಜಿಲ್ಲೆಯಾದ ಇಸವಿ. "ಯಾರೂ ಗುರ್ತ ಹಿಡಿಯಾಂಗಿಲ್ಲ" ಎಂದು ಕಾಕಾ ಎಲ್ಲರಿಗೂ ಹೇಳಿದ್ದರು.

ಬನದ ಹುಣ್ಣಿಮೆ ಬಂತು. ಕಾಕಾ ಸಂಸಾರಸಮೇತ ಬಾದಾಮಿಯ ಬನಶಂಕರಿ ಜಾತ್ರೆಗೆ ಹೊರಟರು. ದಾರಿಯಲ್ಲಿ ಅಮೀನಗಡದ ಕರದಂಟು ಕಟ್ಟಿಸಿಕೊಂಡು, ತೇರು ನೋಡಿ, ರಾತ್ರಿ ಕಂಪನಿ ನಾಟಕಕ್ಕೆ ಮುಂದಿನ ಕುರ್ಚಿಯಲ್ಲೇ ಕೂತರು. ಆಟ ಮುಗಿಯುವುದು ಬೆಳಗಿನ ಜಾವಕ್ಕೆ. ನಡುರಾತ್ರಿ ದಾಟಿದ ಮೇಲೆ ಇಳಕಲ್ಲಿನಲ್ಲಿ ಸೈರನ್ ಕೂಗಿತು.

ಡಬ್ಬಿಯ ಮೊದಲ ಫೋನು ಕಾಕಾಗೇ. ಹಾಸ್ಯನಟ ಸ್ಟೇಜಿನ ಮೇಲಿದ್ದ. ಜೇಬಿನೊಳಗಿನ ರಿಂಗು ಯಾರಿಗೆ ಕೇಳಬೇಕು? ಎರಡನೆಯದು ನವನಗರದ ಅಳಿಯನಿಗೆ. ಅಳಿಯ ನಿದ್ದೆಗಣ್ಣಿನಲ್ಲೇ "ಹೂಂ ಮಾವಾರ, ಊಟ ಆತ್ರಿ, ನಿಮ್ದಾತ್ರಿ?" ಎಂದ. ಮಾವ ಉತ್ತರ ಕೊಡದೆ ಮತ್ತೆ ನಮಸ್ಕಾರದಿಂದ ಶುರು ಮಾಡಿದರು. ವಯಸ್ಸಾಯಿತು ಪಾಪ ಎಂದುಕೊಂಡು ಮಲಗಿದ. ಮೂರನೆಯದು ಹುನಗುಂದಕ್ಕೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಊಟವಾಯಿತೇ ಎಂದು ಕೇಳದ ಭಾವ ಇವತ್ತು ಕೇಳುತ್ತಿದ್ದಾರೆ! ಆಕೆಗೆ ಕಣ್ಣಲ್ಲಿ ನೀರೇ ಬಂತು. "ಆತ್ರಿ ಭಾವಾ, ಶೇಂಗಾ ಹೋಳಿಗಿ ಮಾಡಿದ್ದೆ. ಅಕ್ಕಗ ಹೇಳಿಬಿಡ್ರಿ, ಹದಿನೈದು ತೊಲಿ ಕೇಳ್ಯಾರ!"

ಇತ್ತ ಓಣಿಯಲ್ಲಿ ಯಾರಿಗೂ ಗಾಬರಿಯಿಲ್ಲ, ನಿದ್ದೆ ಕೆಟ್ಟ ಸಿಟ್ಟು ಮಾತ್ರ. ಎದುರು ಮನೆಯ ಮುದುಕಿ, ಕಾಕು ಕೊಟ್ಟುಹೋಗಿದ್ದ ಕೈಯಿಂದ ಬಾಗಿಲು ತೆಗೆದು, ಮೊಮ್ಮಗನಿಂದ ಒಂದು, ಒಂಬತ್ತು, ಒಂಬತ್ತು, ಏಳು ಒತ್ತಿಸಿ ಬಾಯಿ ಮುಚ್ಚಿಸಿದಳು. ಬೆಳಕಿಂಡಿಯಿಂದ ಇಳಿದಿದ್ದ ಬೆಕ್ಕು ಹಾಲಿನ ಪಾತ್ರೆ ಉರುಳಿಸಿ ತಿಜೋರಿಯ ಮೇಲೆ ಕೂತಿತ್ತು.

ಮರುದಿನ ಜೀಪಿನಿಂದ ಇಳಿಯುವಷ್ಟರಲ್ಲೇ ಕಾಕಾಗೆ ಸುದ್ದಿ ತಲುಪಿತು. ಮುಖ ಅರಳಿತು. "ಹೊಕ್ಕಿದ್ರೇನು? ಎಷ್ಟ ಮಂದಿ?"

"ಬೆಕ್ಕರಿ ಕಾಕಾ" ಎಂದ ಮೊಮ್ಮಗ.

ಕಾಕಾ ಅತ್ತಿತ್ತ ನೋಡಿ ಹುಡುಗನ ಕೈಯಲ್ಲಿ ಕರದಂಟಿನ ಪೊಟ್ಟಣವೊಂದನ್ನು ಇಟ್ಟರು. "ಬೆಕ್ಕು ಗಿಕ್ಕು ಅನಬ್ಯಾಡ ತಮ್ಮಾ. ಇಬ್ಬರಿದ್ರು, ಓಡಿಹ್ವಾದ್ರು ಅನ್ನು."