ನಂಬರ್ ಪ್ಲೇಟಿನ ಪರಕಾಯ ಪ್ರವೇಶ

ಇಂಗ್ಲೆಂಡಿನ ಕನ್ನಡದವರ ಯುಗಾದಿ ಕಾರ್ಯಕ್ರಮಕ್ಕೆ ಯಾರ್ಯಾರು ಬಂದಿದ್ದಾರೆ ಎಂದು ತಿಳಿಯಲು ಸಭಾಂಗಣದ ಒಳಗೆ ಹೋಗಬೇಕಾಗಿಲ್ಲ. ಹೊರಗೆ ಕಾರು ನಿಲ್ಲಿಸಿದ ಜಾಗದಲ್ಲಿ ಒಂದು ಸುತ್ತು ಹಾಕಿದರೆ ಹಾಜರಿ ಪುಸ್ತಕವೇ ಸಿಗುತ್ತದೆ. ಓದುವುದಕ್ಕೆ ಸ್ವಲ್ಪ ಅಭ್ಯಾಸ ಬೇಕು, ಅಷ್ಟೆ. ಪ್ಲೇಟಿನಲ್ಲಿ 4 ಕಂಡರೆ ಅದು ‘ಎ’, 5 ಕಂಡರೆ ‘ಎಸ್’, 6 ಕಂಡರೆ ‘ಜಿ’. ಎರಡು ಒಂದುಗಳ ನಡುವೆ ಕರಿ ತಲೆಯ ಸ್ಕ್ರೂ ಕೂತಿದ್ದರೆ ಅದು ‘ಎಚ್’. ಈ ಸ್ಕ್ರೂ ಮಾತ್ರ ಕಾನೂನಿಗೆ ವಿರುದ್ಧ. ಸಿಕ್ಕಿಬಿದ್ದರೆ 1000 ಪೌಂಡ್‌ವರೆಗೂ ದಂಡ. ಆದರೂ ನಮ್ಮ ಹರೀಶರು, ಮಹೇಶರು ಧೈರ್ಯವಾಗಿ ತಿರುಗಾಡಿಕೊಂಡಿದ್ದಾರೆ.

ನಮ್ಮ ಯಜಮಾನರ ಹೆಸರು ಮೋಹನ್. ಅದನ್ನು ಪ್ಲೇಟಿಗೆ ಇಳಿಸುವಾಗ ಒಂದು ತೊಡಕು ಎದುರಾಯಿತು. ‘ಓ’ ಬೇಕಾದ ಕಡೆ ಸೊನ್ನೆ ಹಾಕೋಣವೆಂದರೆ ಬರಿಯ ಸೊನ್ನೆಯನ್ನು ಇಲ್ಲಿನ ಸರ್ಕಾರ ಕೊಡುವುದಿಲ್ಲ. ಅಕ್ಷರದ ಪಕ್ಕದ ಅಂಕಿ ಒಂದರಿಂದಲೇ ಶುರುವಾಗಬೇಕು. ಹಾಗಾಗಿ ಹತ್ತು ಕೊಂಡು, ಅದರಲ್ಲಿರುವ ಒಂದನ್ನು ಯಾರೂ ನೋಡದಿರಲಿ ಎಂದು ದೇವರಲ್ಲಿ ಬೇಡಿಕೊಳ್ಳಬೇಕು. ದೇವರು ಕೇಳಲಿಲ್ಲ. ಅರಸೀಕೆರೆಯಿಂದ ವಿಡಿಯೊ ಕಾಲ್‌ನಲ್ಲಿ ಪ್ಲೇಟು ನೋಡಿದ ನಮ್ಮತ್ತೆ ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಅಕ್ಷರ ಕೂಡಿಸಿ, “ಮಿ...ಯೋ...ಹನ್? ಬೆಕ್ಕು ಕೂಗಿದ ಹಾಗಿದೆಯಲ್ಲೋ!” ಎಂದರು. ನಮ್ಮ ಮಗಳಿಗೆ ಅವತ್ತಿನಿಂದ ಅಪ್ಪನ ಕಾರು ‘ಮಿಯಾಂವ್’. ಶಾಲೆಯ ಗೇಟಿನ ಮುಂದೆ ಇಳಿಸಬೇಡಿ, ಹಿಂದಿನ ಬೀದಿಯಲ್ಲಿ ಇಳಿಸಿ ಎಂದು ಅವಳ ಕಟ್ಟಪ್ಪಣೆ.

ಮೊದಲಕ್ಷರ ‘ಎಂ’ 1994ರ ಆಗಸ್ಟಿನಿಂದ 95ರ ಜುಲೈವರೆಗೆ ನೋಂದಣಿಯಾದ ಕಾರುಗಳ ಗುರುತು. ನಮ್ಮದು 2014ರ ಕಾರು. ನಂಬರ್ ಹಾಕಿ ಕಾರನ್ನು ಎಷ್ಟು ಬೇಕಾದರೂ ಮುದಿ ಮಾಡಬಹುದು, ಒಂದು ದಿನವೂ ಚಿಕ್ಕದು ಮಾಡುವಂತಿಲ್ಲ ಎನ್ನುವುದು ಇಲ್ಲಿನ ನಿಯಮ. ಎರಡು ವಾರಕ್ಕೊಮ್ಮೆ ತಲೆಗೆ ಬಣ್ಣ ಹಚ್ಚಿಕೊಳ್ಳುವ ನಮ್ಮವರಿಗೆ ಇದು ಅನ್ಯಾಯದ ಪರಮಾವಧಿ ಅನ್ನಿಸುತ್ತದೆ.

ಈ ಹುಚ್ಚು ನಮ್ಮವರಿಗೆ ಮಾತ್ರ ಅಂಟಿದ್ದಲ್ಲ. ಬ್ರಿಟನ್ನಿನಲ್ಲಿ ಕಾರಿಗೆ ನಂಬರ್ ಕಡ್ಡಾಯವಾದದ್ದು 1904ರ ಜನವರಿ 1ರಿಂದ. ಆಗಲೇ ‘ಎ 1’ ನನಗೇ ಬೇಕು ಎಂದು ಹಟ ಹಿಡಿದು ಪಡೆದವರು ಅರ್ಲ್ ರಸೆಲ್, ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲರ ಅಣ್ಣ. ತಮ್ಮ ಜಗತ್ತಿನ ಅರ್ಥ ಹುಡುಕುತ್ತಿದ್ದಾಗ ಅಣ್ಣ ನಂಬರ್ ಹುಡುಕುತ್ತಿದ್ದ. ಇಂಥವರ ದೌರ್ಬಲ್ಯದಿಂದ ಖಜಾನೆ ತುಂಬಬಹುದೆಂದು ಸರ್ಕಾರಕ್ಕೆ ಹೊಳೆದದ್ದು ಮಾತ್ರ ತಡವಾಗಿ, 1989ರಲ್ಲಿ. ಅಂದಿನಿಂದ ವೇಲ್ಸ್‌ನ ಸ್ವಾನ್ಸಿಯಲ್ಲಿರುವ ವಾಹನ ನೋಂದಣಿ ಸಂಸ್ಥೆ ಡಿವಿಎಲ್‌ಎ ಹರಾಜು ಹಾಕುತ್ತ ಬಂದಿದೆ. 2014ರಲ್ಲಿ ‘25 ಓ’ ಎಂಬ ಒಂದು ನಂಬರ್ ಸುಂಕವೆಲ್ಲ ಸೇರಿ 5 ಲಕ್ಷ 18 ಸಾವಿರ ಪೌಂಡಿಗೆ ಹೋಯಿತು. ಅಷ್ಟು ದುಡ್ಡಿಗೆ ನಾವಿರುವ ಸ್ಲೌ ಊರಿನಲ್ಲಿ ಮನೆಯೇ ಬರುತ್ತಿತ್ತು, ಮೇಲೆ ಗೃಹಪ್ರವೇಶದ ಊಟಕ್ಕೂ ಸಾಲುತ್ತಿತ್ತು. ನಮ್ಮವರು ಎಷ್ಟು ಕೊಟ್ಟರು ಎಂಬುದು ನನಗೆ ಅಧಿಕೃತವಾಗಿ ಗೊತ್ತಿಲ್ಲ. ಅನಧಿಕೃತವಾಗಿ ಗೊತ್ತಿರುವುದನ್ನು ಸಮಯ ಬಂದಾಗ ಉಪಯೋಗಿಸುತ್ತೇನೆ.

ಇಷ್ಟಾದರೂ ನಂಬರು ನಮ್ಮದಲ್ಲ! ನಂಬರ್ ಎಂದೆಂದಿಗೂ ಸರ್ಕಾರದ್ದೇ, ನಾವು ಕೊಂಡಿದ್ದು ಅದನ್ನು ಹಾಕಿಕೊಳ್ಳುವ ಹಕ್ಕು. ಅಂದರೆ ನಮ್ಮತ್ತೆ ತೊಟ್ಟಿಲಲ್ಲಿ ಪುಕ್ಕಟೆ ಇಟ್ಟ ಹೆಸರನ್ನು ಮಗ ಬ್ರಿಟಿಷರಿಗೆ ಕಾಸು ಕೊಟ್ಟು, ಅದೂ ತಪ್ಪು ಕಾಗುಣಿತದಲ್ಲಿ, ಬಳಕೆಗೆ ಪಡೆದುಕೊಂಡಿದ್ದಾರೆ.

ಗಲಾಟೆ ಶುರುವಾದದ್ದು ಕಾರು ಮಾರುವಾಗ. ನಂಬರನ್ನು ಬಿಡಿಸಿಕೊಳ್ಳದೆ ಕಾರು ಮಾರಿದರೆ ಕೊಂಡವರಿಗೇ ನಂಬರಿನ ಹಕ್ಕೂ ಹೋಗುತ್ತದೆ. ಆಮೇಲೆ ಕಾಲು ಹಿಡಿದರೂ ವಾಪಸ್ ಕೊಡುವ ಹಂಗು ಅವರಿಗಿಲ್ಲ. ನಮ್ಮ ಪರಿಚಯದವರೊಬ್ಬರು ಹೊಸ ಕಾರಿನ ಸಂಭ್ರಮದಲ್ಲಿ ಹಳೆಯದನ್ನು ಡೀಲರಿಗೆ ಪ್ಲೇಟು ಸಮೇತ ಒಪ್ಪಿಸಿ ಬಂದಿದ್ದರು. ಕೆಲವು ತಿಂಗಳಾದ ಮೇಲೆ ಎಂ4 ಹೆದ್ದಾರಿಯಲ್ಲಿ ಹೋಗುತ್ತಿರುವಾಗ ಅವರ ಹೆಸರೇ ಬಲಗಡೆಯಿಂದ ಭರ್‍ರೆಂದು ಅವರನ್ನು ಹಿಂದೆ ಹಾಕಿ ಹೊರಟುಹೋಯಿತಂತೆ. ನಮ್ಮವರು ಈ ಕಥೆಯನ್ನು ನಡುಗುವ ದನಿಯಲ್ಲಿ ಹೇಳುತ್ತಾರೆ.

“ರೀ, ಅದನ್ನೂ ಕಾರಿನ ಜೊತೆಗೇ ಮಾರಿಬಿಡಿ, ಒಂದಷ್ಟು ಹೆಚ್ಚಿಗೆ ಬರುತ್ತೆ” ಎಂದೆ.

“ನನ್ನ ಹೆಸರು ಮಾರಿಕೊಳ್ಳೋದಾ?” ಎಂದರು, ಹರಿಶ್ಚಂದ್ರನ ಹೆಂಡತಿಯನ್ನು ಹರಾಜಿಗೆ ಕರೆದ ಹಾಗೆ.

ಬಿಡಿಸಿಕೊಳ್ಳುವ ಕ್ರಮ ಕಾಗದದ ಮೇಲೆ ಸರಳ. ಅಂಚೆಯಲ್ಲಾದರೆ ವಿ317 ಎಂಬ ಅರ್ಜಿ. ಕಂಪ್ಯೂಟರಿನಲ್ಲಾದರೆ ಲಾಗ್ ಬುಕ್ ಎದುರಿಗಿಟ್ಟುಕೊಂಡು, ಬೆಳಗ್ಗೆ ಏಳರಿಂದ ಸಂಜೆ ಏಳರ ಒಳಗೆ 80 ಪೌಂಡ್ ಕಟ್ಟಿದರೆ ಮುಗಿಯಿತು. ಒಂದು ಷರತ್ತು ಮಾತ್ರ ನನಗೆ ಬಹಳ ಹಿಡಿಸಿತು: ಕಾರು ಸ್ವಂತ ಬಲದಿಂದ ಚಲಿಸುವಂತಿರಬೇಕು, ಅಧಿಕಾರಿಗಳು ಕೇಳಿದರೆ ತಪಾಸಣೆಗೆ ಸಿಗಬೇಕು. ಉಸಿರು ಹೋದ ಕಾರಿನಿಂದ ಹೆಸರನ್ನು ಎತ್ತಿಕೊಳ್ಳುವಂತಿಲ್ಲ. ಪರಕಾಯ ಪ್ರವೇಶಕ್ಕೆ ಹೊರಡುವಾಗ ಹಳೆಯ ದೇಹ ಬದುಕಿರಬೇಕು ಎನ್ನುವುದನ್ನು ಸ್ವಾನ್ಸಿಯವರು ಯಾವ ಯೋಗಿಯಿಂದ ಕಲಿತರೋ!

ಒಂದು ಶನಿವಾರ ನಮ್ಮವರು ಸ್ನಾನ ಮಾಡಿ ಕೂತು ಗುಂಡಿ ಒತ್ತಿದರು. ಆ ಕ್ಷಣದಿಂದ ನಂಬರ್ ಕಾರಿನದಲ್ಲ. ಕಾರಿಗೆ ಅದರ ಹುಟ್ಟುನಂಬರ್ ಮರಳಿ ಬಂತು. ಹೊಸ ಪ್ಲೇಟು ಮಾಡಿಸಿ ಹಾಕುವ ತನಕ ಕಾರನ್ನು ರಸ್ತೆಗೆ ತೆಗೆಯುವ ಹಾಗಿಲ್ಲ. ಪ್ಲೇಟು ಮಾಡುವವರಿಗೆ ಡ್ರೈವಿಂಗ್ ಲೈಸೆನ್ಸ್ ತೋರಿಸಬೇಕು, ವಾಹನದ ಕಾಗದ ತೋರಿಸಬೇಕು. ನಮ್ಮೂರ ಬಸ್‌ಸ್ಟ್ಯಾಂಡಿನ ಪಕ್ಕದ ಪೇಂಟರ್ ಹತ್ತಿರ ಹೋಗಿ, ‘ಗುರು, ನಂಬರಿನ ಪಕ್ಕದಲ್ಲಿ ಒಂದು ಹೂವನ್ನೂ ಬಿಡಿಸು’ ಎನ್ನುವ ಸುಖ ಇಲ್ಲಿಲ್ಲ. ಪ್ರತಿ ಅಕ್ಷರವೂ 79 ಮಿಲಿಮೀಟರ್ ಎತ್ತರ, ಅಕ್ಷರದಿಂದ ಅಕ್ಷರಕ್ಕೆ 11 ಮಿಲಿಮೀಟರ್ ಅಂತರ.

ಹಳೆಯ ಪ್ಲೇಟು ಬಿಚ್ಚುವುದು ಇನ್ನೊಂದು ಯಜ್ಞ. ಮುಂದಿನ ಬಿಳಿ ಪ್ಲೇಟು ಸ್ಕ್ರೂ ತಿರುವಿದ ಕೂಡಲೇ ಕೈಗೆ ಬಂತು. ಹಿಂದಿನ ಹಳದಿಯದಕ್ಕೆ ಎರಡೂ ಕಡೆ ಅಂಟುವ ಪಟ್ಟಿ ಹಾಕಿದ್ದರು. ಕೆಟಲಿನ ಬಿಸಿನೀರು ಹೊಯ್ದರು, ಅಲುಗಲಿಲ್ಲ. ಒಳಗೆ ಹೋಗಿ, ನಾನು ಹಲ್ಲಿನ ಸಂದಿಗೆ ಬಳಸುವ ದಾರದ ಡಬ್ಬಿ ತಂದರು. ದಾರವನ್ನು ಪ್ಲೇಟಿನ ಹಿಂದೆ ತೂರಿಸಿ ಎರಡು ತುದಿಗಳನ್ನೂ ಹಿಡಿದು, ಆಚೆಗೊಮ್ಮೆ ಈಚೆಗೊಮ್ಮೆ ಮೊಸರು ಕಡೆಯುವಂತೆ ಎಳೆದರು. ಎದುರು ಮನೆಯ ಇಂಗ್ಲಿಷ್ ಅಜ್ಜ ಪರದೆ ಸರಿಸಿ ನೋಡಿ, ಮುಚ್ಚಿ, ಮತ್ತೆ ಸರಿಸಿದರು. ಕೊನೆಗೆ ಪ್ಲೇಟು ಕಳಚಿತು. ಅದರ ಅಂಚಿನಲ್ಲಿ ಆಯುಧಪೂಜೆಯ ಕುಂಕುಮ ಇನ್ನೂ ಇತ್ತು. ಇಂಗ್ಲೆಂಡಿನ ಇಷ್ಟು ಮಳೆಗೂ ಜಗ್ಗದೆ, ‘ಎನ್’ ಅಕ್ಷರದ ಕೆಳಗೆ ಕಂದು ಬಣ್ಣಕ್ಕೆ ತಿರುಗಿ ಕೂತಿತ್ತು.

ಆ ಕುಂಕುಮವೇ ಆ ಸಂಜೆ ಒಂದು ಧರ್ಮಸೂಕ್ಷ್ಮವನ್ನು ಎಬ್ಬಿಸಿತು. ವಿಷಯ ಕೇಳಿದ ಅತ್ತೆ ಅರಸೀಕೆರೆಯಿಂದಲೇ ತಡೆದು ಕೇಳಿದರು: “ಅಲ್ಲ ಕಣೋ, ಇಷ್ಟು ವರ್ಷ ಮಾಡಿದ ಪೂಜೆ ಕಾರಿಗೆ ಸೇರಿತ್ತಾ, ನಂಬರಿಗೆ ಸೇರಿತ್ತಾ? ಕಾರಿಗೆ ಸೇರಿದ್ದರೆ ಅದರ ಫಲವೆಲ್ಲ ಕೊಂಡವರ ಪಾಲಾಯ್ತಲ್ಲ!”

ಮಾವನವರು ಹಿಂದಿನಿಂದ, “ನಿಂಬೆಹಣ್ಣು ಇಟ್ಟಿದ್ದು ಚಕ್ರಕ್ಕೆ ತಾನೇ?” ಎಂದರು.

“ನಿಂಬೆಹಣ್ಣು ದೃಷ್ಟಿಗೆ. ಅದು ಬೇಕಾದ್ರೆ ಹೋಗಲಿ. ಕುಂಕುಮ ಇಟ್ಟಿದ್ದು ಹೆಸರಿಗೆ” ಎಂದು ಅತ್ತೆ ತೀರ್ಪು ಕೊಟ್ಟರು. ಇಷ್ಟು ಸ್ಪಷ್ಟವಾಗಿ ಆಸ್ತಿ ಹಂಚಿಕೆ ಮಾಡುವವರು ನಮ್ಮ ಕಡೆಯ ದಾಯಾದಿ ಜಗಳಗಳಲ್ಲಿ ಒಬ್ಬರಾದರೂ ಇದ್ದಿದ್ದರೆ ಹಾಸನದ ಕೋರ್ಟಿನಲ್ಲಿ ಕೆಲಸವೇ ಇರುತ್ತಿರಲಿಲ್ಲ.

ಕಾರನ್ನು ಕೊಂಡವರು ಕೇರಳದ ಇಬ್ಬರು ನರ್ಸುಗಳು, ಗಂಡ ಹೆಂಡತಿ. ನಂಬರ್ ಕಡೆ ಕಣ್ಣೂ ಹಾಯಿಸಲಿಲ್ಲ. ಟೈರು ನೋಡಿದರು, ಡಿಕ್ಕಿಯಲ್ಲಿ ಅಕ್ಕಿ ಮೂಟೆ ಎಷ್ಟು ಹಿಡಿಯುತ್ತದೆ ಎಂದು ಕೇಳಿದರು, ನೂರು ಪೌಂಡ್ ಇಳಿಸಿದರು, ಹೊರಟರು. ನನಗೆ ಅವರ ಮೇಲೆ ಬಹಳ ಗೌರವ ಬಂತು.

ನಂಬರ್ ಮಾತ್ರ ವಿ778 ಎಂಬ ಕಾಗದವಾಗಿ ನಮ್ಮ ಮನೆಯಲ್ಲಿ ಉಳಿಯಿತು. ಹೋದ ದೇಹ ಹೋಯಿತು, ಬರುವ ದೇಹ ಬಂದಿಲ್ಲ, ನಡುವೆ ತ್ರಿಶಂಕುವಿನ ಹಾಗೆ ಹತ್ತು ವರ್ಷ ಹೀಗೇ ಇರಬಹುದು, ಮುಗಿದರೆ ಕಾಸಿಲ್ಲದೆ ನವೀಕರಿಸಬಹುದು. ಅತ್ತೆಯ ಆಜ್ಞೆಯಂತೆ ಅದೀಗ ದೇವರ ಗೂಡಿನಲ್ಲಿ ಪಂಚಾಂಗದ ಕೆಳಗಿದೆ. ಈ ಮಧ್ಯೆ ನಮ್ಮವರು ಆಫೀಸಿನವರ ಕಾರಿನಲ್ಲಿ ಪೇಟೆಗೆ ಹೋಗಿ, ಫೋನಿನಲ್ಲಿ ಪಾರ್ಕಿಂಗ್ ದುಡ್ಡು ಕಟ್ಟುವಾಗ ಅಭ್ಯಾಸಬಲದಿಂದ ದೇವರ ಗೂಡಿನಲ್ಲಿದ್ದ ನಂಬರಿಗೇ ಕಟ್ಟಿದರು. ಕಾರಿಗೆ ದಂಡ ಬಿತ್ತು. ಕಾಗದ ಮಾತ್ರ ಆ ಎರಡು ಗಂಟೆ ನಮ್ಮ ಮನೆಯಲ್ಲಿ ಕಾನೂನುಬದ್ಧವಾಗಿ ನಿಂತಿತ್ತು.

ಈಗ ಬ್ಯಾಟರಿ ಕಾರು ಬರುವುದಿದೆ. ಅದರ ಪ್ಲೇಟಿನ ಎಡ ಅಂಚಿಗೆ ಹಸಿರು ಪಟ್ಟಿ ಹಾಕಿಸಬಹುದು, 2020ರ ಡಿಸೆಂಬರಿನಿಂದ ಅದಕ್ಕೆ ಅನುಮತಿ ಇದೆ. ಹಸಿರು, ಹಳದಿ, ಮೇಲೆ ಕೆಂಪು ಕುಂಕುಮ ಎಂದು ನಮ್ಮವರು ಈಗಲೇ ಬಣ್ಣ ಕೂಡಿಸುತ್ತಿದ್ದಾರೆ. ಈ ಉತ್ಸಾಹದಲ್ಲೇ ಮೊನ್ನೆ ಊಟದ ಹೊತ್ತಿಗೆ ಮಗಳಿಗೆ ಹೇಳಿದರು:

“ಪುಟ್ಟಿ, ನಿನ್ನ ಹದಿನೆಂಟನೇ ಹುಟ್ಟುಹಬ್ಬಕ್ಕೆ ನಿನ್ನ ಹೆಸರಿನ ನಂಬರ್ ನೋಡಿಟ್ಟಿದ್ದೀನಿ.”

“ಕಾರು ಯಾವುದಪ್ಪಾ?”

“ಕಾರು ಆಮೇಲೆ ನೋಡೋಣ. ಕಾರಿಲ್ಲದೆಯೂ ನಂಬರ್ ಕೊಳ್ಳಬಹುದು. ಅದಕ್ಕೆ ವಿ750 ಅಂತ ಒಂದು ಸರ್ಟಿಫಿಕೇಟ್ ಕೊಡ್ತಾರೆ. ಅದೂ ಹತ್ತು ವರ್ಷ ಇರುತ್ತೆ.”

ಮಗಳು ಸಾರಿನ ಸೌಟು ಕೆಳಗಿಟ್ಟಳು. “ಹಾಗಾದ್ರೆ ನನ್ನ ಸ್ನೇಹಿತರನ್ನೆಲ್ಲ ಆ ಸರ್ಟಿಫಿಕೇಟಿನ ಮೇಲೆ ಕೂರಿಸಿಕೊಂಡು ಬ್ರೈಟನ್‌ಗೆ ಹೋಗಿಬರ್ತೀನಿ, ಪೆಟ್ರೋಲಿಗೆ ದುಡ್ಡು ಕೊಡಿ” ಎಂದಳು.