ಅಧ್ಯಕ್ಷಪೀಠ ಮೀಮಾಂಸೆ

ಆರ್ಕಿಟೆಕ್ಟರ ಸಂಘಕ್ಕೆ ಅಧ್ಯಕ್ಷನಾಗುವವನ ಲಕ್ಷಣವೇನು ಎಂಬುದೇ ಇಲ್ಲಿನ ಜಿಜ್ಞಾಸೆ. ವಾಸ್ತುಗ್ರಂಥವಾದ ‘ಮಾನಸಾರ’ವು ರಾಜನ ಸಿಂಹಾಸನಕ್ಕೂ ಅಳತೆ ಹೇಳಿದೆ, ಸಂಘದ ಅಧ್ಯಕ್ಷರ ಕುರ್ಚಿಯ ಬಗ್ಗೆ ಮಾತ್ರ ಮೌನ ವಹಿಸಿದೆ. ಈ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಪ್ರಯೋಜನ.

ಮೊದಲು ಇತಿಹಾಸ. 1917ರಲ್ಲಿ ಬೊಂಬಾಯಿಯ ಜೆ.ಜೆ. ಕಲಾಶಾಲೆಯ ಹಳೆಯ ವಿದ್ಯಾರ್ಥಿಗಳು ಒಂದು ಸಂಘ ಕಟ್ಟಿದರು. ಅದು 1922ರಲ್ಲಿ ಹೆಸರು ಬದಲಿಸಿತು, 1929ರಲ್ಲಿ ಮತ್ತೊಮ್ಮೆ ಬದಲಿಸಿ ‘ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್’ ಆಯಿತು. ಮೊದಲ ಅಧ್ಯಕ್ಷರು ಗೇಟ್‌ವೇ ಆಫ್ ಇಂಡಿಯಾದ ನಕ್ಷೆ ಬರೆದ ಜಾರ್ಜ್ ವಿಟೆಟ್. ಹಿಂದೆ ಮನೆಯೇ ಇಲ್ಲದ ಬಾಗಿಲನ್ನು ನಿಲ್ಲಿಸಿದವರೇ ಈ ಪೀಠಕ್ಕೆ ಮೂಲಪುರುಷರಾದದ್ದು ಆಕಸ್ಮಿಕವಲ್ಲವೆಂದು ನಮ್ಮ ಮತ.

ಇನ್ನು ಪೂರ್ವಪಕ್ಷ: ‘ಅಧ್ಯಕ್ಷರು ವೃತ್ತಿಯನ್ನು ಕಾಯುತ್ತಾರೆ.’ ಇದು ನಿಲ್ಲುವುದಿಲ್ಲ. ನೋಂದಣಿ ಮಾಡುವುದು 1972ರ ಕಾಯಿದೆಯಡಿಯ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್; ಸಂಘವಲ್ಲ. ಆ ಕಾಯಿದೆಯ 37ನೇ ಕಲಮು ಕಾಯುವುದು ‘ಆರ್ಕಿಟೆಕ್ಟ್’ ಎಂಬ ಹೆಸರನ್ನು ಮಾತ್ರ, ಕೆಲಸವನ್ನಲ್ಲವೆಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿಬಿಟ್ಟಿದೆ. ಎಂದರೆ, ನಿಮ್ಮ ಮೂವತ್ತು-ನಲವತ್ತರ ಸೈಟಿಗೆ ಮೇಸ್ತ್ರಿಯೋ ಸೋದರಮಾವನೋ ಪ್ಲಾನು ಗೀಚಿಕೊಟ್ಟರೆ ಈ ಕಲಮು ಮೂಗು ತೂರಿಸುವುದಿಲ್ಲ. ತಾನು ಆರ್ಕಿಟೆಕ್ಟ್ ಎಂದು ಮಾವ ಬೋರ್ಡು ಹಾಕಿದರೆ ಮಾತ್ರ ಅಪರಾಧ.

ಆದ್ದರಿಂದ ಸಿದ್ಧಾಂತ: ಕಾಯಬೇಕಾದದ್ದು ಹೆಸರು. ಅದು ಅಪಾಯಕ್ಕೆ ಸಿಕ್ಕುವ ರಣರಂಗವೆಂದರೆ ಆಹ್ವಾನ ಪತ್ರಿಕೆ.

ಇದನ್ನು ಸ್ವಲ್ಪ ವಿಸ್ತರಿಸಬೇಕು. ಯಾವ ಊರಿನ ಶಾಖೆಯಾದರೂ ಸರಿ, ಪತ್ರಿಕೆಯ ಕರಡು ಮೇಜಿನ ಮೇಲೆ ಬಂತೆನ್ನಿ. ಅತಿಥಿ ಯಾರು ಎಂದು ಒಬ್ಬರೂ ಕೇಳುವುದಿಲ್ಲ. ಒಬ್ಬರಿಗೆ ಅಂಚಿನ ಬಿಳಿ ಜಾಗ ಸಾಲದು, ಇನ್ನೊಬ್ಬರಿಗೆ ಅಕ್ಷರ ದಪ್ಪ. ಮೂರನೆಯವರು ಜೇಬಿನಿಂದ ಪೆನ್ನು ತೆಗೆದು, ಕರಡಿನ ಬೆನ್ನಿಗೇ ಹೊಸ ವಿನ್ಯಾಸ ಬರೆಯತೊಡಗುತ್ತಾರೆ. ಅದರಲ್ಲಿ ಸಹಕಾರ್ಯದರ್ಶಿಯ ಹೆಸರಿಗೆ ಜಾಗವಿರುವುದಿಲ್ಲ. ಮಾಜಿ ಅಧ್ಯಕ್ಷರೊಬ್ಬರು ತಮ್ಮ ಅವಧಿಯ ಪತ್ರಿಕೆಯನ್ನು ಫೋನಿನಲ್ಲಿ ತೋರಿಸುತ್ತಾರೆ. ಕೂತವರೆಲ್ಲ ತಂತಮ್ಮ ಆಫೀಸಿನಲ್ಲಿ ಕೊನೆಯ ಗೆರೆ ಎಳೆಯುವವರೇ. ಇನ್ನೊಬ್ಬನ ಗೆರೆಗೆ ‘ಆಯ್ತು’ ಎಂದು ಹೇಳಿ ಯಾರಿಗೂ ಅಭ್ಯಾಸವಿಲ್ಲ. ಇಲ್ಲಿ ‘ಚಹಾ ಬಂತು’ ಎಂದು ಸಕಾಲದಲ್ಲಿ ಹೇಳಬಲ್ಲವನೇ ಉತ್ತಮ ಅಧ್ಯಕ್ಷ. ಮತಕ್ಕೆ ಹಾಕುವವನು ಮಧ್ಯಮ. ಸ್ವತಃ ಪೆನ್ನು ತೆಗೆಯುವವನು ಅಧಮ.

ಮಹಾಸಭೆಯ ಪ್ರಕರಣ ಚಿಕ್ಕದು. ಕೋರಂ ಇಲ್ಲವೆಂದು ಅರ್ಧ ಗಂಟೆ ಮುಂದೂಡಿ, ಅದೇ ಹನ್ನೊಂದು ಮಂದಿಯನ್ನು ಅದೇ ಕುರ್ಚಿಗಳಲ್ಲಿ ಕೂರಿಸಿ ಲೆಕ್ಕಪತ್ರ ಪಾಸು ಮಾಡಿಸುವುದು. ಉಳಿದವರು ಊಟದ ಹೊತ್ತಿಗೆ ಬರುತ್ತಾರೆ.

ಈ ಮೀಮಾಂಸೆಯನ್ನು ಒಪ್ಪದವರು ಮುಂದಿನ ಚುನಾವಣೆಗೆ ನಿಲ್ಲಬಹುದು. ದಯವಿಟ್ಟು ಅದಕ್ಕೆ ಮೊದಲು ಬಾಕಿ ಚಂದಾ ಕಟ್ಟಿ.